ಸೊನ್ನೆಯೂ ಗೈರುಹಾಜರಿಯೂ

ಅಂಕಪಟ್ಟಿಯಲ್ಲಿ ಸೊನ್ನೆ ಬೇರೆ, ಗೈರುಹಾಜರಿ ಬೇರೆ ಎಂಬುದನ್ನು ಉಪಾಧ್ಯಾಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಣಕಯಂತ್ರಕ್ಕೆ ಮಾತ್ರ ಹೇಳಿಕೊಡಬೇಕಾಯಿತು.

ಕೀಲಿಮಣೆಯಲ್ಲಿ 40.5 ಎಂದು ಒತ್ತಿದಾಗ ಯಂತ್ರಕ್ಕೆ ತಲಪುವುದು ಸಂಖ್ಯೆಯಲ್ಲ, ನಾಲ್ಕು ಅಕ್ಷರಗಳ ಒಂದು ಸಾಲು. ಅದನ್ನು ಲೆಕ್ಕಕ್ಕೆ ಒದಗುವ ಸಂಖ್ಯೆಯಾಗಿ ಮಾರ್ಪಡಿಸಬೇಕು. ಡೆನ್ನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಈ ಕೆಲಸ ‘ಎಟುಎಫ್’ ಎಂಬ ಫಂಕ್ಷನ್ನಿನದು. ಕರ್ನಿಗನ್ ಮತ್ತು ರಿಚಿ 1978ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕದಲ್ಲಿಯೇ ಅದರ ಪುಟ್ಟ ರೂಪವೊಂದಿದೆ. ಅದರ ದೊಡ್ಡ ದೋಷವೆಂದರೆ, ಓದಲಾಗದ್ದನ್ನು ‘ಓದಲಾಗಲಿಲ್ಲ’ ಎನ್ನದೆ ಸೊನ್ನೆ ಎಂದುಬಿಡುವುದು.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಸರಾಸರಿ ಅಂಕ ತೆಗೆಯಲು ನಾನೇ ಬರೆದ ಪ್ರೋಗ್ರಾಮಿನಲ್ಲಿ, ಜ್ವರದಿಂದ ಕಿರುಪರೀಕ್ಷೆಗೆ ಬಾರದ ಹುಡುಗಿಯೊಬ್ಬಳ ಹೆಸರಿನ ಮುಂದೆ ‘ಎಬಿ’ ಎಂದು ನಮೂದಿಸಿದ್ದೆ. ಯಂತ್ರ ಅದನ್ನು ಸೊನ್ನೆಯೆಂದೆಣಿಸಿ ಅವಳನ್ನು ಅನುತ್ತೀರ್ಣಳನ್ನಾಗಿಸಿತು. “ಸಾರ್, ನಾನು ಬರೆದೇ ಇಲ್ಲವಲ್ಲ, ಸೊನ್ನೆ ಹೇಗೆ ಬಂತು?” ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಾಗ ಇನ್ನೊಂದು ತಪ್ಪೂ ಸಿಕ್ಕಿತು. ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಅಕ್ಷರ ಒತ್ತಿದ್ದರಿಂದ ಮತ್ತೊಬ್ಬನ 40 ಅಂಕ ಬರಿಯ 4 ಆಗಿತ್ತು.

ಇದಕ್ಕೆ ಮದ್ದು 1989ರ ಅಮೆರಿಕದ ಸಿ ಮಾನಕದಲ್ಲಿಯೇ ಇತ್ತು. ಅದರಲ್ಲಿರುವ ‘ಸ್ಟ್ರ್‌ಟುಡಿ’ ಸಂಖ್ಯೆಯೊಡನೆ ತಾನು ಎಲ್ಲಿಯವರೆಗೆ ಓದಿದೆನೆಂಬುದನ್ನೂ ತಿಳಿಸುತ್ತದೆ. ಮೊದಲ ಅಕ್ಷರದಲ್ಲೇ ನಿಂತಿದ್ದರೆ ಸಂಖ್ಯೆಯೇ ಇರಲಿಲ್ಲವೆಂದು ಅರ್ಥ. ನಡುವೆ ನಿಂತಿದ್ದರೆ ಬರವಣಿಗೆಯಲ್ಲಿ ದೋಷವಿದೆಯೆಂದು ಅರ್ಥ.

ಸರಿಯಾಗಿ ಬರೆದ ಸಂಖ್ಯೆಯನ್ನು ಓದುವುದೂ ಸುಲಭವಲ್ಲ. ನಮಗೆ ಸರಳವಾದ 0.1, ದ್ವಿಮಾನ ಪದ್ಧತಿಯಲ್ಲಿ ಮುಗಿಯದ ಆವರ್ತ ಭಿನ್ನರಾಶಿ. 1985ರ ಐಇಇಇ 754 ಮಾನಕದ ‘ಡಬಲ್’ ಸಂಖ್ಯೆಯಲ್ಲಿ 53 ದ್ವಿಮಾನ ಅಂಕೆಗಳಿಗಷ್ಟೇ ಜಾಗ. ಆದ್ದರಿಂದ ಅತ್ಯಂತ ಸಮೀಪದ ಬೆಲೆಯನ್ನು ಆರಿಸಬೇಕು. ಇದನ್ನು ತಪ್ಪಿಲ್ಲದೆ ಮಾಡುವ ವಿಧಾನಗಳನ್ನು ವಿಲಿಯಂ ಕ್ಲಿಂಜರ್ ಮತ್ತು ಡೇವಿಡ್ ಗೇ 1990ರಲ್ಲಿ ವಿವರಿಸಿದರು. ಆಮೇಲೂ ಎಡವಟ್ಟುಗಳು ನಿಲ್ಲಲಿಲ್ಲ. ಅತಿ ಸಣ್ಣ ಸಂಖ್ಯೆಯೊಂದನ್ನು ಓದಹೊರಟ ಪಿಎಚ್‌ಪಿ ಭಾಷೆ ಕೆಲವು 32 ಬಿಟ್ ಗಣಕಗಳಲ್ಲಿ ಕೊನೆಯಿಲ್ಲದ ಸುತ್ತಿಗೆ ಸಿಲುಕಿದ್ದು 2011ರ ಜನವರಿಯಲ್ಲಿ ಬಯಲಾಯಿತು.

ಆ ಹುಡುಗಿಯ ಅಂಕಪಟ್ಟಿಯನ್ನು ಅಂದೇ ತಿದ್ದಿ, ಅವಳ ತಂದೆಯವರ ಕ್ಷಮೆ ಕೇಳಿದೆ. ‘ಎಟುಎಫ್’ ಇಂದಿಗೂ ಸಿ ಭಾಷೆಯಲ್ಲಿದೆ. ಪ್ರೋಗ್ರಾಂ ಬರೆಯುವ ನನ್ನ ಹಳೆಯ ಶಿಷ್ಯರು ಯಾರದಾದರೂ ಅಂಕವನ್ನೋ ಔಷಧಿಯ ಪ್ರಮಾಣವನ್ನೋ ಯಂತ್ರದಿಂದ ಓದಿಸುವಾಗ, ಸೊನ್ನೆ ಬಂದರೆ ಅದು ಎಲ್ಲಿಂದ ಬಂತೆಂದು ಒಮ್ಮೆ ವಿಚಾರಿಸಿರಿ.