ತಿಳಿಸಾರು ಬತ್ತಿದಾಗ
ಆದಿಭೂಮಿಯ ಸಾಗರವನ್ನು ಬಿಸಿ ತಿಳಿಸಾರಿಗೆ ಹೋಲಿಸಿ, ಜೀವ ಹುಟ್ಟಿದ್ದು ಅದರಲ್ಲೇ ಎಂದು 1929ರಲ್ಲಿ ಬರೆದವರು ಇಂಗ್ಲೆಂಡಿನ ಜೆ. ಬಿ. ಎಸ್. ಹಾಲ್ಡೇನ್. 1953ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯ, ಹೈಡ್ರೋಜನ್, ನೀರಾವಿಯ ಮಿಶ್ರಣಕ್ಕೆ ವಿದ್ಯುತ್ ಕಿಡಿ ಹಾಯಿಸಿದಾಗ ಅಮೈನೋ ಆಮ್ಲಗಳೇ ಸಿಕ್ಕವು. ಹಾಲ್ಡೇನ್ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿದರು. ತೀರಿಕೊಂಡದ್ದೂ ಭುವನೇಶ್ವರದಲ್ಲಿ, 1964ರಲ್ಲಿ.

ಆದರೆ ತಿಳಿಸಾರು ತಾನಾಗಿ ಗಟ್ಟಿಯಾಗದು, ಬತ್ತಿಸಬೇಕು. ಇದು ನಮ್ಮ ಅಡುಗೆಮನೆಗೆ ಹೊಸದೇನಲ್ಲ! ಅಣುಗಳು ಸರಪಳಿಯಾಗಿ ಬೆಸೆಯಲು ನಡುವಿನ ನೀರು ಹೊರಹೋಗಬೇಕು. ಅದಕ್ಕೇ ಈಗ ಹಲವರ ಕಣ್ಣು ಬಿಸಿನೀರ ಬುಗ್ಗೆಗಳ ಅಂಚಿನ ಮೇಲೆ: ಅಲ್ಲಿ ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು ನಡೆದೇ ಇರುತ್ತದೆ. ಘಟ್ಟ ಹತ್ತಿದರೆ ಸಿಗುವ ಪುಣೆಯ ಐಸರ್‌ನಲ್ಲಿ ಸುಧಾ ರಾಜಮಣಿಯವರ ತಂಡ ಇಂಥದ್ದನ್ನೇ ಪರೀಕ್ಷಿಸಿದೆ. ಜೀವ ಮಾತ್ರ ಯಾವ ಲ್ಯಾಬಿನಲ್ಲೂ ಇನ್ನೂ ಹುಟ್ಟಿಲ್ಲ. ಡೊಂಬಿವಲಿಯಿಂದ ವಜ್ರೇಶ್ವರಿಯ ಬಿಸಿನೀರ ಕುಂಡಕ್ಕೆ ಹೋದಾಗಲೆಲ್ಲ ನನ್ನ ಕಣ್ಣು ಈಗ ಮೊದಲು ಹುಡುಕುವುದು ಆ ಒದ್ದೆ ಅಂಚನ್ನೇ.