ಕಾಲಿನ ಸಿ.ಟಿ. ಚಿತ್ರಣದಲ್ಲಿ ವಿಕಿರಣದ ಪ್ರಮಾಣನಿರ್ಣಯ: ಒಂದು ಐತಿಹಾಸಿಕ ವಿವೇಚನೆ

ಕಾಲಿನ ಸಿ.ಟಿ. ಚಿತ್ರಣದಲ್ಲಿ ರೋಗಿಯು ಪಡೆಯುವ ವಿಕಿರಣವೆಷ್ಟು? ಯಂತ್ರದ ಪರದೆಯ ಮೇಲೆ ಒಂದು ಸಂಖ್ಯೆಯೇನೋ ಮೂಡುತ್ತದೆ. ಆದರೆ ಆ ಸಂಖ್ಯೆ ಅಳೆಯುವುದು ಏನನ್ನು ಎಂಬುದನ್ನು ಅರಿಯಬೇಕಾದರೆ ಅದು ಹುಟ್ಟಿಬಂದ ಬಗೆಯನ್ನು ನಾವು ನೋಡಲೇಬೇಕಾಗುತ್ತದೆ.

1895ರ ನವೆಂಬರಿನಲ್ಲಿ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ಮುಂದಿನ ಕೆಲವು ವರ್ಷ, ನಳಿಕೆಯ ಶಕ್ತಿಯನ್ನು ಪರೀಕ್ಷಿಸಲು ಕೆಲಸಗಾರರು ತಮ್ಮ ಕೈಗಳನ್ನೇ ಕಿರಣಕ್ಕೆ ಒಡ್ಡುತ್ತಿದ್ದರು. ಚರ್ಮ ಕೆಂಪಾಗುವುದೇ ಅಳತೆಗೋಲಾಗಿದ್ದ ಕಾಲವದು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಈ ಕಿರಣಗಳಿಂದ ಕೈಗಳನ್ನು ಕಳೆದುಕೊಂಡು 1904ರಲ್ಲಿ ಮೃತನಾದನು.

1928ರಲ್ಲಿ ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ಸಮ್ಮೇಳನವು ‘ರಾಂಟ್ಜೆನ್’ ಎಂಬ ಮಾನವನ್ನು ಅಂಗೀಕರಿಸಿತು. ಅದು ಅಳೆದದ್ದು ಗಾಳಿಯ ಅಯಾನೀಕರಣವನ್ನೇ ಹೊರತು ದೇಹ ಹೀರಿದ ಶಕ್ತಿಯನ್ನಲ್ಲ. ಈ ಕೊರತೆಯನ್ನು 1953ರ ‘ರ‍್ಯಾಡ್’ ನೀಗಿಸಿತು; 1975ರಲ್ಲಿ ಅದರ ನೂರುಪಟ್ಟಿನ ‘ಗ್ರೇ’ ಬಂದಿತು. ಆದರೆ ಎಲ್ಲ ಅಂಗಗಳೂ ವಿಕಿರಣಕ್ಕೆ ಸಮಾನವಾಗಿ ಈಡಾಗುವುದಿಲ್ಲವಷ್ಟೆ. ಆದುದರಿಂದ 1977ರಲ್ಲಿ ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು ಅಂಗಾಂಗಗಳ ಅಪಾಯಕ್ಕೆ ತಕ್ಕ ತೂಕವನ್ನು ಕೊಟ್ಟು, ಮೊತ್ತ ಕಟ್ಟುವ ಕ್ರಮವನ್ನು ರೂಪಿಸಿತು. ಇಂದು ‘ಪರಿಣಾಮಿ ಪ್ರಮಾಣ’ ಎನಿಸಿ, ಸೀವರ್ಟುಗಳಲ್ಲಿ ಎಣಿಸಲ್ಪಡುವ ಪರಿಮಾಣದ ಮೂಲ ಇದೇ.

ಅಷ್ಟರಲ್ಲಿ, 1971ರ ಅಕ್ಟೋಬರ್ 1ರಂದು, ಹೌನ್ಸ್‌ಫೀಲ್ಡನ ಯಂತ್ರವು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತ್ತು. ಸುತ್ತಲೂ ತಿರುಗುವ ಕಿರಣಕ್ಕೆ ಹಳೆಯ ಅಳತೆ ಸಾಲದಾಯಿತು. 1981ರಲ್ಲಿ ಷೋಪ್ ಮತ್ತು ಸಂಗಡಿಗರು ಸಿ.ಟಿ. ಪ್ರಮಾಣಸೂಚಿಯನ್ನು ಮಂಡಿಸಿದರು. ಕಾಲಕ್ರಮದಲ್ಲಿ, ತಲೆಗೆ 16 ಸೆಂಟಿಮೀಟರು, ಮುಂಡಕ್ಕೆ 32 ಸೆಂಟಿಮೀಟರು ವ್ಯಾಸದ ಅಕ್ರಿಲಿಕ್ ಉರುಳೆಗಳು ಇದಕ್ಕೆ ಪ್ರತಿಮಾನಗಳಾದುವು. ಉರುಳೆಯ ನಡುವಿನ ಅಳತೆಯ ಮೂರನೆಯ ಒಂದು ಭಾಗ, ಅಂಚಿನ ಅಳತೆಯ ಮೂರನೆಯ ಎರಡು ಭಾಗ ಕೂಡಿದರೆ ಸರಾಸರಿ ದೊರೆಯುವುದು. ಇದನ್ನು ಪಿಚ್‌ನಿಂದ ಭಾಗಿಸಿ, ಚಿತ್ರಿಸಿದ ಉದ್ದದಿಂದ ಗುಣಿಸಿದರೆ ‘ಪ್ರಮಾಣ-ದೈರ್ಘ್ಯ ಗುಣಲಬ್ಧ’. ಅದನ್ನು ಆಯಾ ಭಾಗದ ಗುಣಕದಿಂದ ಮತ್ತೆ ಗುಣಿಸಿದರೆ ಪರಿಣಾಮಿ ಪ್ರಮಾಣದ ಅಂದಾಜು. ವಯಸ್ಕರ ಎದೆಗೆ ಗುಣಕ 0.014, ಗುಣಲಬ್ಧ 500 ಮಿಲಿಗ್ರೇ-ಸೆಂಟಿಮೀಟರಾದರೆ ಪರಿಣಾಮಿ ಪ್ರಮಾಣ 7 ಮಿಲಿಸೀವರ್ಟು.

ಕಾಲಿನ ವಿಷಯದಲ್ಲಿ ತೊಡಕು ಇಲ್ಲಿಯೇ ಇದೆ. ಉರುಳೆಗಳು ತಲೆಗೂ ಮುಂಡಕ್ಕೂ ಕಲ್ಪಿತವಾದುವು. ಕಾಲಿಗೆಂದು ಪ್ರತ್ಯೇಕ ಪ್ರತಿಮಾನವಿಲ್ಲ. ಒಂದೇ ಕಿರಣಕ್ಕೆ ಸಣ್ಣ ಉರುಳೆ ತೋರುವ ಸೂಚಿಯು ದೊಡ್ಡದರದಕ್ಕಿಂತ ಸುಮಾರು ಇಮ್ಮಡಿ. ಕಾಲು 32 ಸೆಂಟಿಮೀಟರಿಗಿಂತ ಬಹಳ ತೆಳುವಾದುದರಿಂದ, ದೊಡ್ಡ ಉರುಳೆಯ ಲೆಕ್ಕದ ಸೂಚಿಯು ಕಾಲಿನ ಮಾಂಸಮೂಳೆಗಳು ನಿಜವಾಗಿ ಹೀರಿದುದಕ್ಕಿಂತ ಕಡಮೆಯನ್ನು ಹೇಳುತ್ತದೆ. ಹೀಗಿದ್ದೂ ಪರಿಣಾಮಿ ಪ್ರಮಾಣ ಅಲ್ಪವೇ. ಏಕೆಂದರೆ ವಯಸ್ಕರಲ್ಲಿ ಮೊಣಕಾಲಿನ ಕೆಳಗೆ ಕೆಂಪು ಮಜ್ಜೆಯು ಹೆಚ್ಚುಕಡಮೆ ಇಲ್ಲ. 2007ರ ಪಟ್ಟಿಯಲ್ಲಿ ಚರ್ಮಕ್ಕೂ ಮೂಳೆಯ ಮೇಲ್ಮೈಗೂ ಇರುವ ತೂಕ ತಲಾ 0.01 ಮಾತ್ರ. ಮಕ್ಕಳಲ್ಲಾದರೋ ಕಾಲಿನ ಮೂಳೆಗಳಲ್ಲಿಯೂ ಕೆಂಪು ಮಜ್ಜೆಯುಂಟು. ರಕ್ತನಾಳಗಳ ಪರೀಕ್ಷೆಗಾಗಿ ಹೊಟ್ಟೆಯಿಂದ ಪಾದದವರೆಗೆ ಚಿತ್ರಿಸುವಾಗ ವಸ್ತಿಕುಹರವೂ ಕಿರಣಕ್ಕೆ ಸಿಲುಕುತ್ತದೆ. ಆಗ ಕಾಲಿನ ಗುಣಕವನ್ನೇ ಇಡೀ ಉದ್ದಕ್ಕೆ ಹಚ್ಚುವುದು ಅಪಾಯವನ್ನು ಕಿರಿದುಮಾಡಿ ಕಾಣಿಸಿದಂತೆಯೇ ಸರಿ.

ಇದರಿಂದ, ಪರದೆಯ ಸಂಖ್ಯೆಯು ಉರುಳೆಯೊಂದರ ಲೆಕ್ಕವೇ ಹೊರತು ರೋಗಿಯ ಲೆಕ್ಕವಲ್ಲವೆಂದು ಸಿದ್ಧವಾಗುತ್ತದೆ. ಯಾವ ಉರುಳೆ, ಯಾವ ವಯಸ್ಸು, ಎಲ್ಲಿಂದ ಎಲ್ಲಿಯವರೆಗೆ ಎಂಬ ಮೂರನ್ನು ಕೇಳದೆ ಅದನ್ನು ಒಪ್ಪಬಾರದು. ಮೊದಲಿಗರು ತಮ್ಮ ಕೈಗಳನ್ನು ತೆತ್ತು ಕಲಿತ ಎಚ್ಚರವನ್ನು ನಾವು ಈ ಮೂರು ಪ್ರಶ್ನೆಗಳಲ್ಲಿ ಉಳಿಸಿಕೊಳ್ಳಬಹುದು.