ಒಂದು ಮನೆತನ, ಎರಡು ಲೋಕ

ಒಂದೇ ಮನೆಯವರು ಏಕಕಾಲದಲ್ಲಿ ಹಲವು ಲೋಕಗಳಲ್ಲಿ ಹಲವು ಬಗೆಯಾಗಿ ಬಾಳುವ ಕಥೆಯನ್ನು ಈಗಿನ ಹುಡುಗರು ‘ರಿಕ್ ಅಂಡ್ ಮಾರ್ಟಿ’ ಎಂಬ ಅಮೆರಿಕದ ವ್ಯಂಗ್ಯಚಿತ್ರಮಾಲೆಯಲ್ಲಿ ನೋಡಿ ನಗುತ್ತಾರೆ. ಆ ನಗೆಯ ಅಡಿಯಲ್ಲಿ ಒಂದು ಅಳುಕಿದೆ: ಈ ಮನೆಯಲ್ಲಿ ನನ್ನ ಸ್ಥಾನ ನನಗೇ ಉಳಿದೀತೇ? ನಮ್ಮ ಹೊಯ್ಸಳರ ಅರಮನೆಯನ್ನೂ ಈ ಅಳುಕು ಬಿಟ್ಟಿರಲಿಲ್ಲವೆಂದು ನನಗೆ ತೋರುತ್ತದೆ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ 1121ರ ಸುಮಾರಿನದು. ಅರಸೀಕೆರೆಯ ಈಶ್ವರ ದೇವಾಲಯ 1220ರದು. ಈ ಮೂರೂ ಊರುಗಳ ಗುಡಿಗಳು ಎದ್ದದ್ದು ರಾಜ್ಯ ಒಂದಾಗಿದ್ದಾಗ. ಅಷ್ಟರಲ್ಲೇ ಹೊಯ್ಸಳರು ಚೋಳರ ನೆರವಿಗೆಂದು ತಮಿಳುನಾಡಿಗೆ ಇಳಿದಿದ್ದರು. ಮುಂದೆ ಸೋಮೇಶ್ವರನು ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ನೆಲೆಸಿ, ಅಲ್ಲಿಯೂ ಒಂದು ಪೊಯ್ಸಳೇಶ್ವರ ಗುಡಿಯನ್ನು ಕಟ್ಟಿಸಿದನು. ಹಳೇಬೀಡಿಗೊಬ್ಬ ಹೊಯ್ಸಳೇಶ್ವರ, ಕಣ್ಣನೂರಿಗೊಬ್ಬ!

1254ರ ಸುಮಾರಿಗೆ ರಾಜ್ಯವೂ ಎರಡಾಯಿತು. ಹಳೇಬೀಡು, ಎಂದರೆ ಅಂದಿನ ದೋರಸಮುದ್ರ, ಮೂರನೆಯ ನರಸಿಂಹನಿಗೆ, ಕಣ್ಣನೂರು ರಾಮನಾಥನಿಗೆ. ತಂದೆ ಒಬ್ಬನೇ, ತಾಯಂದಿರು ಬೇರೆ. ಪಾಲು ಕೊಟ್ಟರೆ ಮಕ್ಕಳಲ್ಲಿ ವೈರವಿರದೆಂದು ಸೋಮೇಶ್ವರನು ಎಣಿಸಿದ್ದಿರಬೇಕು. ಅಲ್ಲಿಂದ ಮುಂದೆ ಒಂದೇ ವಂಶದ ಹೆಸರಿನಲ್ಲಿ ಎರಡು ಆಳ್ವಿಕೆಗಳು ನಡೆದವು: ಇಲ್ಲಿನ ಶಾಸನಗಳು ಹೆಚ್ಚಾಗಿ ಕನ್ನಡದಲ್ಲಿ, ಅಲ್ಲಿನವು ಹೆಚ್ಚಾಗಿ ತಮಿಳಿನಲ್ಲಿ.

ಪಾಲು ಶಾಂತಿಯನ್ನು ತರಲಿಲ್ಲ. 1279ರ ವೇಳೆಗೆ ಪಾಂಡ್ಯರು ರಾಮನಾಥನನ್ನು ತಮಿಳುನಾಡಿನಿಂದ ಹೊರಡಿಸಿದರು. ಆತನು ಈಗಿನ ಕೃಷ್ಣಗಿರಿ ಸೀಮೆಯ ಕುಂದಾಣಿಗೆ ಬಂದು ನಿಂತು, ಸೋದರನ ನೆಲದ ಮೇಲೆಯೇ ಕೈ ಮಾಡಿದನು. ಎರಡು ಪಾಲುಗಳು ಮತ್ತೆ ಕೂಡಿದ್ದು ರಾಮನಾಥನೂ ಅವನ ಮಗ ವಿಶ್ವನಾಥನೂ ತೀರಿದ ಮೇಲೆ, ನರಸಿಂಹನ ಮಗನಾದ ಮೂರನೆಯ ಬಲ್ಲಾಳನ ಕೈಯಲ್ಲಿ.

ಮನೆಯೊಡಕಿನ ಕಷ್ಟವನ್ನು ಕಂಡಿದ್ದ ಈ ಬಲ್ಲಾಳನೇ, ಪಾಂಡ್ಯ ಸೋದರರಿಬ್ಬರ ಕಲಹದಲ್ಲಿ ಲಾಭ ಹುಡುಕಿ ದಕ್ಷಿಣಕ್ಕೆ ದಂಡು ಒಯ್ದನು. ಅವನು ಅತ್ತ ಇದ್ದಾಗಲೇ, 1311ರಲ್ಲಿ, ಮಲಿಕ್ ಕಾಫರನ ಸೇನೆ ದೋರಸಮುದ್ರದ ಬಾಗಿಲಿಗೆ ಬಂದಿತು. ನೆರೆಮನೆಯ ಬಿರುಕನ್ನು ನೋಡಲು ಹೋದವನು ತನ್ನ ಮನೆಯ ಕದವನ್ನು ತೆರೆದಿಟ್ಟು ಹೋಗಿದ್ದನು.

ರಾಜ್ಯ ಒಡೆಯದೆ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಕಥೆಗಾರರಿಗೆ ಬಿಡೋಣ. ಆದದ್ದಿಷ್ಟು: 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕಣ್ಣನೂರು ಈಗಿನ ಸಮಯಪುರ. ಅಲ್ಲಿಯ ಪೊಯ್ಸಳೇಶ್ವರನು ಜನರ ನಾಲಗೆಯಲ್ಲಿ ಸವೆದು ಭೋಜೇಶ್ವರನಾಗಿದ್ದಾನೆ. ಪೂಜೆ ಉಳಿಯಿತು; ಮನೆತನದ ಹೆಸರು ಮಾತ್ರ ಅಳಿಯಿತು.